ಹಾಡುಡು ಕಲಿಸಿದ ಕಾಕ

ಉಸಿರೆಳೆದಾಗಲೆಲ್ಲ ಕಾಕನ ಗಂಟಲಿನ ಬುಡದಲ್ಲಿ ಒಂದು ಗುಳಿ ಬೀಳುತ್ತಿತ್ತು. ಹಲಸಿನ ಬೀಜವೊಂದನ್ನು ಇಟ್ಟರೆ ಕೂರುವಷ್ಟು ಆಳದ ಗುಳಿ. ಉಸಿರು ಬಿಟ್ಟಾಗ ತುಂಬಿಕೊಳ್ಳುವುದು, ಎಳೆದಾಗ ಮತ್ತೆ ಬೀಳುವುದು. ಚಪ್ಪಲಿ ಕೊಳ್ಳಲು ಬಂದವರು ಚಪ್ಪಲಿ ಬಿಟ್ಟು ಅದನ್ನೇ ನೋಡುತ್ತಿದ್ದರು. ಹಾಗೆ ನೋಡುತ್ತಾರೆಂದು ಕಾಕನಿಗೂ ಗೊತ್ತಿತ್ತು. ಅಂಗಿಯ ಮೇಲಿನ ಗುಂಡಿ ಹಾಕಿದರೆ ಉಸಿರು ಕಟ್ಟುತ್ತದೆಂದು ಅದನ್ನು ತೆರೆದೇ ಇಟ್ಟು, ಕುತ್ತಿಗೆಗೆ ಬೈರಾಸು ಸುತ್ತಿಕೊಂಡು ಕೂರುತ್ತಿದ್ದರು.

ಅವರ ಚಪ್ಪಲಿ ಅಂಗಡಿ ಮಡಂತ್ಯಾರು ಪೇಟೆಯಲ್ಲಿತ್ತು. ಬ್ಯಾರಿ ಮುಸ್ಲಿಮರಲ್ಲಿ ವಯಸ್ಸಾದವರನ್ನು ಕಾಕ ಎಂದು ಕರೆಯುವುದು ನಮ್ಮ ಕಡೆಯ ರೂಢಿ. ಹಾಗಾಗಿ ಅವರು ಊರಿಗೆಲ್ಲ ಕಾಕ, ನನಗೂ ಕಾಕ. ರಕ್ತಸಂಬಂಧ ಏನೂ ಇಲ್ಲ. ಅಮ್ಮನನ್ನು ಬಿಟ್ಟರೆ ರಕ್ತಸಂಬಂಧದವರು ಯಾರೂ ನನಗಾಗಿ ಒಂದು ಮೆಟ್ಟಿಲು ಹತ್ತಿದ್ದು ನನಗೆ ನೆನಪಿಲ್ಲ. ಇವರು ಹತ್ತಿದರು, ಆ ಎದೆಯನ್ನು ಇಟ್ಟುಕೊಂಡು. ಆ ಕತೆ ಮುಂದೆ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆ. ನಾನು ಹತ್ತನೇ ತರಗತಿಯಲ್ಲಿದ್ದೆ. ಶಾಲೆಯಲ್ಲಿ ಪಿ.ಟಿ. ಮಾಸ್ಟ್ರ ಹುದ್ದೆ ಖಾಲಿ ಬಿದ್ದಿತ್ತು, ಹೇಳುವವರಿಲ್ಲ ಕೇಳುವವರಿಲ್ಲ. ಸಂಜೆ ನಾವು ಹುಡುಗಿಯರು ಕಾಕನ ಅಂಗಡಿಯ ಹಿಂದಿನ ಬಯಲಿನಲ್ಲಿ ಗೆರೆ ಎಳೆದು ಕಬಡ್ಡಿ ಆಡುತ್ತಿದ್ದೆವು. ಒಂದು ಸಂಜೆ ನಾನು ಇಬ್ಬರನ್ನು ಮುಟ್ಟಿ ಗೆದ್ದು ಕುಣಿಯುತ್ತಿದ್ದಾಗ ಕಾಕ ಚಾದ ಗ್ಲಾಸು ಹಿಡಿದುಕೊಂಡು ಹೊರಗೆ ಬಂದರು. ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳನ್ನೂ ಅವರು ‘ಮಗಾ’ ಎಂದೇ ಕರೆಯುವುದು.

"ಮಗಾ, ನೀನು ಉಸಿರು ಕದ್ದಿ."

ಇಲ್ಲವೆಂದು ಜಗಳಕ್ಕೇ ನಿಂತೆ. ನನ್ನ ಬಾಯಿ ಆಗಲೂ ಹೀಗೆಯೇ.

"ಕೈ ಬೀಸುವಾಗ ಮೂಗಿನಲ್ಲಿ ಸಣ್ಣಕೆ ಎಳ್ಕೊಂಡಿ. ಅಂಗಡಿಯ ಒಳಗಿದ್ದ ನನಗೆ ಕೇಳ್ತದೆ" ಎಂದರು.

ನಿಜವಾಗಿ ಕದ್ದಿದ್ದೆ. ಇಡೀ ತಂಡದಲ್ಲಿ ಯಾರಿಗೂ ಗೊತ್ತಾಗದ್ದು ಅವರಿಗೆ ಗೋಡೆಯಾಚೆಯಿಂದ ಗೊತ್ತಾಗಿತ್ತು. ಮರುದಿನದಿಂದ ಕಾಕ ಅಂಗಡಿಯ ಸ್ಟೂಲನ್ನು ಹಿಂದಿನ ಬಾಗಿಲಿಗೆ ತಂದು ಹಾಕಿಕೊಂಡರು, ಕೊರಳಲ್ಲಿ ಒಂದು ಹಳೆಯ ವಿಸಿಲ್. ಚಪ್ಪಲಿ ಮಾರುವವರಿಗೆ ಬರಿಗಾಲಿನ ಆಟದ ಹುಚ್ಚು ಎಂದು ಪೇಟೆಯವರು ತಮಾಷೆ ಮಾಡುವುದು. ಆಡಿದ ಮೇಲೆ ಮನೆಗೆ ಹೋಗಲಿಕ್ಕೆ ಚಪ್ಪಲಿ ಬೇಕಲ್ಲ ಮಾರಾಯ ಎಂದು ಕಾಕ ಅಷ್ಟೇ ತಣ್ಣಗೆ ಹೇಳುವುದು.

ಅವರು ಬಹಳ ವರ್ಷ ಗಲ್ಫಿನಲ್ಲಿ ಹಡಗು ದುರಸ್ತಿ ಮಾಡುವ ಕಡೆ ಇದ್ದವರು. ತುಕ್ಕು ಹಿಡಿದ ಕಬ್ಬಿಣಕ್ಕೆ ಪೈಪಿನಲ್ಲಿ ಜೋರಾಗಿ ಮರಳು ಹೊಡೆದು ತುಕ್ಕು ಕೀಳುವ ಕೆಲಸ. ಮುಖಕ್ಕೆ ಒಂದು ಬಟ್ಟೆ ಕಟ್ಟಿಕೊಂಡರೆ ಸಾಕು ಎಂದು ಮೇಲಿನವರು ಹೇಳಿದ್ದರಂತೆ. ಸಾಲಲಿಲ್ಲ. ಧೂಳು ಎದೆಯೊಳಗೆ ಹೋಗಿ ಕೂತಿತು, ಮತ್ತೆ ಹೊರಗೆ ಬರಲಿಲ್ಲ.

ಅಲ್ಲಿ ಶುಕ್ರವಾರ ಅವರಿಗೆ ರಜೆ. ಜುಮ್ಮಾ ನಮಾಜು, ಊಟ ಮುಗಿದು ಬಿಸಿಲು ಇಳಿದ ಮೇಲೆ ಕೆಲಸಗಾರರು ಉಳಿಯುವ ಕ್ಯಾಂಪಿನ ಹಿಂದಿನ ಮರಳಿನಲ್ಲಿ ಆಟ. ಗೆರೆ ಎಳೆದ ಮೊದಲ ದಿನವೇ ಆಟದ ಹೆಸರಿಗೆ ಜಗಳ ಬಿತ್ತಂತೆ. ಇದು ಕಬಡ್ಡಿ ಎಂದು ನಮ್ಮವರು. ಯಾವ ಕಬಡ್ಡಿ, ಇದು ಸಡುಗುಡು ಎಂದು ತಮಿಳರು. ಹುತುತು ಎಂದು ಮರಾಠಿಯವರು. ಪಾಕಿಸ್ತಾನದ ಪಂಜಾಬಿನವರಿಗೆ ಅದು ಕೌಡಿ, ಬಾಂಗ್ಲಾದೇಶದವರಿಗೆ ಹಾಡುಡು. ಇರಾನಿನ ಕೆಲಸಗಾರರು ಸುಮ್ಮನೆ ‘ಝೂ’ ಎಂದು ಒಂದೇ ದನಿ ಎಳೆಯುತ್ತ ಎದುರು ಪಾಳಯಕ್ಕೆ ನುಗ್ಗುತ್ತಾರೆ. ಬೇರೆ ಆಟವಾಗಿದ್ದರೆ ಹೆಸರು ಏನಾದರೇನು, ಆಡಬಹುದಿತ್ತು. ಇದರಲ್ಲಿ ಆ ಹೆಸರನ್ನೇ ಒಂದೇ ಉಸಿರಿನಲ್ಲಿ ಬಾಯಿಬಿಟ್ಟು ಹೇಳುತ್ತ ಹೋಗಬೇಕು, ಹೇಳುತ್ತ ವಾಪಸು ಬರಬೇಕು. ತನ್ನ ಊರಿನ ಪದ ಬಿಟ್ಟುಕೊಡಲು ಯಾರೂ ತಯಾರಿಲ್ಲ. ಕೊನೆಗೆ ಅವರವರ ಪದ ಅವರವರು ಹೇಳಲಿ ಎಂದು ತೀರ್ಮಾನವಾಯಿತು. ಯಾವ ಪದವಾದರೂ ಅಡ್ಡಿಯಿಲ್ಲ, ಉಸಿರು ಕಡಿದರೆ ಔಟು. ಆಗಲೇ ಎದೆ ಕೆಟ್ಟು ಆಡಲಾಗದೆ ಕೂತಿದ್ದ ಕಾಕ ಅಂಪಾಯರ್ ಆದರು. ಎಲ್ಲ ಪದಗಳನ್ನೂ ಕಿವಿಗೆ ಹತ್ತಿಸಿಕೊಂಡದ್ದು ಹಾಗೆ.

ಇದನ್ನೆಲ್ಲ ಅವರು ಒಂದೇ ಸಲ ಹೇಳಿದ್ದಲ್ಲ. ನಾಲ್ಕು ಮಾತಿಗೊಮ್ಮೆ ನಿಲ್ಲಬೇಕು, ಗುಳಿ ಬೀಳಬೇಕು, ಏಳಬೇಕು. ನಾವು ಕಾಯುತ್ತಿದ್ದೆವು.

ಕ್ಯಾಂಪಿನ ಆ ಪದ್ಧತಿಯನ್ನು ಕಾಕ ನಮ್ಮ ಬಯಲಿಗೂ ತಂದರು. ಒಬ್ಬೊಬ್ಬ ಹುಡುಗಿಯ ಉಸಿರನ್ನು ಕಣ್ಣು ಮುಚ್ಚಿ ಕೇಳಿ, ಅವಳಿಗೊಂದು ಪದ ಕೊಟ್ಟರು. ಸದಾ ಶೀತ ಹಿಡಿದಿರುವವಳಿಗೆ ಝೂ. ಗಡಿಬಿಡಿಯವಳಿಗೆ ಹುತುತು. ನನಗೆ ಹಾಡುಡು. ‘ಕಬಡ್ಡಿ’ ಎನ್ನುವಾಗ ತುಟಿ ಮುಚ್ಚಿ ತೆರೆಯಬೇಕು, ಅಲ್ಲಿ ಉಸಿರು ಸೋರುತ್ತದೆ, ಹಾಡುಡುವಿನಲ್ಲಿ ನಾಲಿಗೆ ಮಾತ್ರ ಆಡುವುದು ಎಂದು ಅವರ ವಾದ. ಈಗ ನಾನೇ ದೈಹಿಕ ಶಿಕ್ಷಣ ಕಲಿಸುವವಳು, ಇದಕ್ಕೆ ಯಾವ ಪುಸ್ತಕದಲ್ಲೂ ಆಧಾರ ಕಂಡಿಲ್ಲ. ಆದರೆ ಆ ಪದ ಹಿಡಿದ ಮೇಲೆ ನನ್ನ ಉಸಿರು ಬೆಳೆದದ್ದಂತೂ ಸತ್ಯ. ಕದಿಯುವ ಅಗತ್ಯವೇ ಬೀಳಲಿಲ್ಲ. ಮ್ಯಾಚಿನಲ್ಲಿ ಮಾತ್ರ ಕಬಡ್ಡಿ ಎಂದೇ ಹೇಳಬೇಕು, ಅದು ನಿಯಮ ಎಂದು ಕಾಕ ಹೇಳಿದ್ದರು. ನಾವು ತಲೆಯಾಡಿಸಿದ್ದೆವು.

ಆ ವರ್ಷ ಬೆಳ್ತಂಗಡಿಯಲ್ಲಿ ನಡೆದ ಶಾಲೆಗಳ ಪಂದ್ಯ ನನಗೆ ಬರೀ ಪಂದ್ಯವಾಗಿರಲಿಲ್ಲ. ಅಪ್ಪ ಇಲ್ಲದ ಮನೆ ನಮ್ಮದು. ಅಮ್ಮ ಬೀಡಿ ಕಟ್ಟಿ ಸಾಕುತ್ತಿದ್ದಳು. ಹತ್ತನೇ ಮುಗಿದ ಮೇಲೆ ನೀನೂ ಪಕ್ಕದಲ್ಲಿ ಕೂರು ಎಂದು ಅವಳು ಹೇಳಿಯಾಗಿತ್ತು, ಅದರಲ್ಲಿ ಅವಳ ತಪ್ಪೇನೂ ಇಲ್ಲ. ಮೂಡುಬಿದಿರೆಯ ಒಂದು ಕಾಲೇಜಿನವರು ಒಳ್ಳೆಯ ಆಟಗಾರರನ್ನು ಆರಿಸಿ ಊಟ, ಹಾಸ್ಟೆಲು, ಫೀಸು ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತಾರೆ, ಅವರ ಕೋಚ್ ಆ ದಿನ ಬೆಳ್ತಂಗಡಿಗೆ ಬರುತ್ತಾರೆ ಎಂದು ಸುದ್ದಿ. ನನಗೆ ಓದುವುದಕ್ಕೆ ಉಳಿದಿದ್ದ ದಾರಿ ಅದೊಂದೇ.

ಫೈನಲ್ ಕೊನೆಯ ಗಳಿಗೆಗೆ ಬಂದಾಗ ನಾವು ಒಂದು ಅಂಕ ಹಿಂದೆ. ರೈಡಿಗೆ ಹೋದವಳು ನಾನು. ಒಬ್ಬಳನ್ನು ಮುಟ್ಟಿದೆ. ತಿರುಗುವಷ್ಟರಲ್ಲಿ ಇನ್ನೊಬ್ಬಳು ಕಾಲಿಗೆ ಬಿದ್ದಳು, ಅವಳನ್ನೂ ಎಳೆದುಕೊಂಡೇ ನಡುಗೆರೆಗೆ ಕೈ ಚಾಚಿದೆ. ವಿಸಿಲ್ ಕೇಳಿತು. ಗೆದ್ದೆವೆಂದು ತಲೆಯೆತ್ತಿದರೆ ಅಂಪಾಯರ್ ಎದುರು ತಂಡದ ಕಡೆಗೆ ಕೈ ತೋರಿಸುತ್ತಿದ್ದಾರೆ. ಅವಳು ಕಾಲು ಹಿಡಿದ ಕೂಡಲೇ ನನ್ನ ಬಾಯಲ್ಲಿ ಕಬಡ್ಡಿ ಹೋಗಿ ಹಾಡುಡು ಬಂದಿತ್ತಂತೆ. ನನಗೆ ಗೊತ್ತೇ ಆಗಿರಲಿಲ್ಲ.

ಅಂಪಾಯರ್ ಮಾಡಿದ್ದು ಸರಿಯೇ. ಆ ಜಾಗದಲ್ಲಿ ಈಗ ನಾನಿದ್ದರೂ ಅದನ್ನೇ ಮಾಡುತ್ತೇನೆ. ಆದರೆ ಕೋಚ್ ನನ್ನನ್ನು ಆರಿಸದೆ ಹೋಗಿದ್ದರು, ಅಂದು ಬಸ್ಸಿನಲ್ಲಿ ನಾನು ಅತ್ತದ್ದು ಎಷ್ಟೆಂದರೆ ಕಂಡಕ್ಟರ್ ಯಾರು ತೀರಿಹೋದದ್ದು ಎಂದು ಕೇಳಿದ. ಕಾಕ ಹಿಂದಿನ ಸೀಟಿನಲ್ಲಿದ್ದರು. ಮಡಂತ್ಯಾರಿನಲ್ಲಿ ಇಳಿಯುವಾಗ ಅವರು, ನಾಳೆ ಬೆಳಗ್ಗೆ ಅಮ್ಮನನ್ನು ಕರ್ಕೊಂಡು ಬಾ, ಮೂಡುಬಿದಿರೆಗೆ ಹೋಗುವ ಎಂದರು.

ಕಾಲೇಜಿನಲ್ಲಿ ಕೋಚ್ ಕೋಣೆ ಮಹಡಿಯ ಮೇಲೆ. ನೀವು ಕೆಳಗೆ ಇರಿ ಕಾಕ, ನಾವು ಹೋಗಿ ಬರ್ತೇವೆ ಎಂದು ಅಮ್ಮ ಬೇಡಿಕೊಂಡಳು. ಕೇಳಲಿಲ್ಲ. ಕೈಕಂಬಿ ಹಿಡಿದು ಒಂದೊಂದು ಮೆಟ್ಟಿಲಿಗೂ ನಿಂತು ಹತ್ತಿದರು. ಮೇಲೆ ಮುಟ್ಟುವಾಗ ತುಟಿ ನೀಲಿಯಾಗಿತ್ತು. ಕೋಚ್ ಎದುರು ಕುರ್ಚಿಯಲ್ಲಿ ಕೂತು ಬಾಯಿ ತೆರೆದರೆ ಮಾತೇ ಬರಲಿಲ್ಲ. ಗುಳಿ ಬೀಳುತ್ತಿದೆ, ಏಳುತ್ತಿದೆ, ಕೋಚ್ ಗಾಬರಿಯಾಗಿ ನೀರು ತರಿಸುತ್ತಿದ್ದಾರೆ. ನನಗೆ ಕಾಲೇಜೂ ಬೇಡ, ಆಟವೂ ಬೇಡ, ಇವರನ್ನು ಮನೆಗೆ ಮುಟ್ಟಿಸಿದರೆ ಸಾಕು ಅನ್ನಿಸಿತ್ತು.

ನಮ್ಮ ಜೊತೆ ಯಾವಾಗಲೂ ತುಳುವಿನಲ್ಲಿ ಮಾತಾಡುವವರು, ಕೊನೆಗೂ ಉಸಿರು ಹಿಡಿತಕ್ಕೆ ಬಂದಾಗ ಶಾಲೆಯ ಕನ್ನಡದಲ್ಲಿ ಒಂದೊಂದೇ ಪದ ಇಟ್ಟು ಹೇಳಿದರು.

"ಸಾರ್, ನಿನ್ನೆಯ ತಪ್ಪು ನನ್ನದು. ಬೇರೆ ಊರಿನ ಪದ ಈ ಹುಡುಗಿಯ ಬಾಯಿಗೆ ಹಾಕಿದವನು ನಾನು. ಉಸಿರು ಮಾತ್ರ ಅವಳದ್ದೇ. ಅದನ್ನು ಒಮ್ಮೆ ನೀವು ಕೇಳಬೇಕು."

ಕೋಚ್ ನನ್ನನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ಶುರು ಮಾಡು ಎಂದರು. ಕಬಡ್ಡಿ ಎಂದೇ ಹೇಳಿದೆ. ವರಾಂಡದ ಆ ತುದಿಗೆ ಹೋಗಿ ಈ ತುದಿಗೆ ಬಂದೆ, ಮತ್ತೆ ಹೋದೆ. ಕಿಟಕಿಯಾಚೆ ಕಾಕ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಎಲ್ಲಿಯೂ ಕದಿಯಲಿಲ್ಲ. ಸಾಕು ಸಾಕು ಎಂದು ಕೋಚ್ ನಗುತ್ತ ಕೈ ಎತ್ತಿದರು. ಪರೀಕ್ಷೆ ಪಾಸಾದರೆ ಜೂನಿನಲ್ಲಿ ಬಂದು ಸೇರು ಎಂದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆಗೆ ತಿರುಗಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕಾಕ ತಾವಾಗಿಯೇ ಬಾಯಿಬಿಟ್ಟರು. ಕ್ಯಾಂಪಿನಲ್ಲಿ ಅವರ ಮೇಲಿನ ಮಂಚದಲ್ಲಿ ಮಲಗುತ್ತಿದ್ದವನು ಬಾಂಗ್ಲಾದೇಶದವನು, ಜೀವದ ಗೆಳೆಯ. ಹಾಡುಡು ಅವನ ಪದ. ಅವನಷ್ಟು ಉದ್ದದ ಉಸಿರು ಆ ಮರಳಿನಲ್ಲಿ ಇನ್ನೊಬ್ಬನಿಗಿರಲಿಲ್ಲ. ಅವನದ್ದೂ ಮರಳು ಹೊಡೆಯುವ ಕೆಲಸವೇ. ಶುಕ್ರವಾರದಿಂದ ಶುಕ್ರವಾರಕ್ಕೆ ಅವನ ಹಾಡುಡು ಗಿಡ್ಡವಾಗುತ್ತ ಬಂದದ್ದನ್ನು ಕಾಕ ಗೆರೆಯ ಪಕ್ಕದಲ್ಲಿ ನಿಂತು ಕೇಳುತ್ತ ಬಂದರು. ಡಾಕ್ಟರಿಗಿಂತ ಮೊದಲು ಇವರಿಗೆ ಗೊತ್ತಾಗಿತ್ತು. ಹೇಳುವುದಾದರೂ ಹೇಗೆ?

"ಅವನನ್ನು ಊರಿಗೆ ಕಳಿಸುವ ಮೊದಲಿನ ಶುಕ್ರವಾರ. ನಡುಗೆರೆ ದಾಟಿದ ಕೂಡಲೇ ಕಡೀತು, ಮಗಾ. ನನಗೆ ಕೇಳಿತು. ವಿಸಿಲ್ ಬಾಯಲ್ಲೇ ಉಂಟು. ನಾನು ಊದಲಿಲ್ಲ. ಹೋಗಿ ಮುಟ್ಟಿ ಬಂದ, ನಗಾಡಿದ."

ಆಮೇಲೆ ಅವನ ಸುದ್ದಿ ಬರಲಿಲ್ಲ. ನನಗೆ ಆ ಪದವನ್ನೇ ಯಾಕೆ ಕೊಟ್ಟಿರಿ ಎಂದು ಕೇಳಿದೆ. ನಿನ್ನ ಉಸಿರು ಅವನ ಉಸಿರಿನ ಹಾಗೆಯೇ ಉಂಟು, ಮೊದಲ ದಿನ ಕದ್ದದ್ದು ಕೇಳಿದಾಗಲೇ ಗೊತ್ತಾಯಿತು ಎಂದು ಹೇಳಿ, ಕಿಟಕಿಯ ಕಡೆ ಮುಖ ತಿರುಗಿಸಿ ಬೈರಾಸಿನಿಂದ ಕಣ್ಣು ಒರೆಸಿಕೊಂಡರು.

ಮೂಡುಬಿದಿರೆಯಲ್ಲಿ ಓದಿದೆ, ಆಡಿದೆ, ಬಂಟ್ವಾಳ ತಾಲೂಕಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಕಬಡ್ಡಿ ಅಂಪಾಯರ್ ಪರೀಕ್ಷೆಯನ್ನೂ ಪಾಸು ಮಾಡಿದೆ. ಆ ಹೊತ್ತಿಗೆ ಕಾಕನಿಗೆ ಅಂಗಡಿಗೆ ಬರಲು ಆಗುತ್ತಿರಲಿಲ್ಲ. ಅಂಗಡಿಯನ್ನು ಬೇರೆಯವರಿಗೆ ಕೊಟ್ಟು ಬಂಟ್ವಾಳದ ಮಗಳ ಮನೆಗೆ ಬಂದಿದ್ದರು. ಶಾಲೆ ಬಿಟ್ಟ ಮೇಲೆ ನಾನು ಆಗಾಗ ಅಲ್ಲಿಗೆ ಹೋಗುತ್ತಿದ್ದೆ. ಮಂಚದ ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್, ಮೂಗಿಗೆ ನಳಿಗೆ. ಒಂದು ಉಸಿರಿಗೆ ಎರಡು ಮಾತು, ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಒಂದು ಜಗತ್ತಿನ ಪದಗಳನ್ನು ಕಿವಿಯಲ್ಲಿ ಇಟ್ಟುಕೊಂಡವರಿಗೆ ಹೀಗಾಗಬಾರದಿತ್ತು. ದೇವರ ಮೇಲೆ ನನಗೆ ಸಿಟ್ಟಿದ್ದರೆ ಅದು ಇದೊಂದು ವಿಷಯಕ್ಕೆ.

ಕೊನೆಯ ಸಲ ಹೋದಾಗ ಅವರ ಮಗಳು ಚಾ ತಂದಿಟ್ಟು, ಬೆಳಗಿನಿಂದ ಅಪ್ಪ ನಿಮ್ಮನ್ನೇ ಕೇಳ್ತಿದ್ದಾರೆ ಟೀಚರ್ ಎಂದಳು. ಕಾಕ ನನ್ನ ಬ್ಯಾಗಿನ ಕಡೆ ಬೆರಳು ಮಾಡಿದರು.

"ವಿಸಿಲ್ ಉಂಟಾ?"

ಉಂಟು ಎಂದೆ.

"ಹಾಕು."

ಕೊರಳಿಗೆ ಹಾಕಿಕೊಂಡೆ. ಅವರು ಮೂಗಿನ ನಳಿಗೆಯನ್ನು ತಾವೇ ಕಿತ್ತು ಬದಿಗಿಟ್ಟರು. ಮಗಳು ಓಡಿ ಬಂದಳು, ಅವಳಿಗೆ ನಿಲ್ಲಲು ಕೈಸನ್ನೆ ಮಾಡಿದರು. ಮಂಚದ ಅಂಚನ್ನು ಒಂದು ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿ, ಇನ್ನೊಂದು ಕೈಯನ್ನು ಯಾರನ್ನೋ ಮುಟ್ಟಲು ಹೊರಟಂತೆ ಚಾಚಿದರು. ‘ಹಾಡು...’ ಎಂದರು. ಮತ್ತೊಂದು ‘ಡು’ ಬರಲಿಲ್ಲ. ಗಂಟಲಿನ ಗುಳಿ ಹಿಂದೆಂದೂ ಬೀಳದಷ್ಟು ಆಳಕ್ಕೆ ಬಿತ್ತು. ಕಡಿದದ್ದು ಆ ಕೋಣೆಯಲ್ಲಿ ಎಲ್ಲರಿಗೂ ಕೇಳಿತು.

ಅವರು ನನ್ನನ್ನೇ ನೋಡುತ್ತಿದ್ದರು.

"ಔಟಾ?"

ವಿಸಿಲನ್ನು ಮುಷ್ಟಿಯಲ್ಲಿ ಗಟ್ಟಿ ಹಿಡಿದುಕೊಂಡೆ.

"ಇಲ್ಲ ಕಾಕ. ಕಡಿಯಲಿಲ್ಲ. ಮುಟ್ಟಿ ಬನ್ನಿ."

ಮಗಳು ನಳಿಗೆಯನ್ನು ಮತ್ತೆ ಸಿಕ್ಕಿಸಿದಳು. ಉಸಿರು ಸ್ವಲ್ಪ ಹತೋಟಿಗೆ ಬಂದ ಮೇಲೆ ಕಾಕ ನನ್ನ ಕೈಯನ್ನು ಮೆಲ್ಲಗೆ ತಟ್ಟಿ, "ಕಳ್ಳಿ" ಎಂದು ನಕ್ಕರು. ನನಗೆ ಅವರು ಆಡಿದ ಕೊನೆಯ ಮಾತು ಅದು. ಮುಂದಿನ ಶುಕ್ರವಾರದೊಳಗೆ ತೀರಿಕೊಂಡರು.

ಈಗಲೂ ಪಂದ್ಯದಲ್ಲಿ ಯಾವ ಹುಡುಗಿಯ ಬಾಯಲ್ಲಾದರೂ ಬೇರೆ ಪದ ಬಂದರೆ, ಉಸಿರು ಒಂದಿಷ್ಟು ಕಡಿದರೆ, ನಾನು ವಿಸಿಲ್ ಊದುತ್ತೇನೆ. ನನ್ನದೇ ಶಾಲೆಯವಳಾದರೂ ಬಿಡುವುದಿಲ್ಲ, ಮಕ್ಕಳು ಬೆನ್ನ ಹಿಂದೆ ಬೈದುಕೊಳ್ಳುತ್ತವೆ. ಕೇಳಿಯೂ ಊದದೆ ಬಿಟ್ಟದ್ದು ಆ ಒಂದು ಸಲ.