ಜುಟ್ಟಿರುವ ತೆಂಗಿನಕಾಯಿ

ಆಕ್ಲೆಂಡಿನ ವಿಮಾನ ನಿಲ್ದಾಣದಲ್ಲಿ ಕೈಗವಸು ಹಾಕಿಕೊಂಡ ತಪಾಸಣೆಯ ಹೆಂಗಸೊಬ್ಬಳು ನನ್ನ ಚೀಲದಿಂದ ಎರಡು ಸೇರು ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ಅರಿಶಿನದ ಕೊಂಬು ಎಲ್ಲವನ್ನೂ ತೆಗೆದು ಕಸದ ಡಬ್ಬಕ್ಕೆ ಹಾಕಿದಳು. 'ತಿನ್ನೋದಕ್ಕಲ್ಲ ಕಣಮ್ಮ, ಮಗಳ ಮಡಿಲು ತುಂಬೋದಕ್ಕೆ' ಎಂದು ಕನ್ನಡದಲ್ಲೇ ಜಗಳಕ್ಕೆ ನಿಂತೆ. ಅವಳು ನಗುತ್ತಾ ರವಿಕೆ ಕಣವೊಂದನ್ನು ಮಡಿಸಿ ವಾಪಸು ಕೊಟ್ಟಳು. ಕಟ್ಟಾಯದ ನಮ್ಮ ಗದ್ದೆಯ ಅಕ್ಕಿ ಅದು.

ತವರಿನಿಂದ ಹೊರಡುವ ಹೆಣ್ಣುಮಗಳ ಮಡಿಲು ತುಂಬದೆ ಯಾವ ತಾಯಿ ಕಳಿಸುತ್ತಾಳೆ? ನಾನು ಕಳಿಸಿದ್ದೆ. ಮಗಳು ಹಾಸನದಲ್ಲಿ ನರ್ಸಿಂಗ್ ಓದುವಾಗ ಅರಕಲಗೂಡಿನ ಹುಡುಗನನ್ನು ಮೆಚ್ಚಿದಳು. ನಾವು ಜಮೀನಿನವರು, ಅವನದು ನಮ್ಮಂಥವರ ಗದ್ದೆಯಲ್ಲಿ ಕೂಲಿ ಮಾಡಿದ ಕುಲ. ಹೊಳೆನರಸೀಪುರದ ಶಾಲೆಯಲ್ಲಿ ಮೂವತ್ತು ವರ್ಷ 'ಎಲ್ಲರೂ ಒಂದೇ' ಎಂದು ಪಾಠ ಹೇಳಿದವಳು, ಮಗಳು ಒಂದು ಬ್ಯಾಗು ಹಿಡಿದು ಹಿತ್ತಿಲ ಬಾಗಿಲಿಂದ ಹೋಗುವಾಗ ಅಡುಗೆಮನೆಯಲ್ಲಿ ನಿಂತು ನೋಡಿದೆ. ಅಕ್ಕಿಯ ಡಬ್ಬ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ರಿಜಿಸ್ಟ್ರಾರ್ ಆಫೀಸಿನಲ್ಲಿ ಅವರ ಮದುವೆಯಾಗಿ ಎಂಟು ವರ್ಷ. ಈಗಲೂ ಯಜಮಾನರು 'ನೀ ಬೇಕಾರೆ ಓಗ್ಬುಟ್ಟು ಬಾ, ನಾ ಬರಾಕಿಲ್ಲ' ಎಂದರು. ಆರು ವಾರದಲ್ಲಿ ಆ ಮಡಿಲು ತುಂಬಿಯೇ ಬರುತ್ತೇನೆಂದು ಹಟ ಹಿಡಿದು ಹೊರಟವಳು ನಾನು.

ಆಕ್ಲೆಂಡಿನಲ್ಲಿ ಮಗಳಿಗೆ ಆಸ್ಪತ್ರೆಯ ಡ್ಯೂಟಿ. ಅಳಿಯನಿಗೆ ಬಂದರಿನಲ್ಲಿ ಕ್ರೇನ್ ರಿಪೇರಿಯ ಕೆಲಸ. ಬೆಳಗಿನ ಪಾಳಿ ಮುಗಿಸಿ ಬಂದವನೇ 'ಅತ್ತೆ, ಒರಡಾನಾ?' ಎನ್ನುತ್ತಿದ್ದ. ನಮ್ಮಲ್ಲಿ ಅಳಿಯನನ್ನು ಬಹುವಚನದಲ್ಲೇ ಮಾತಾಡಿಸಬೇಕು. ಅದು ನನ್ನ ಬಾಯಿಗೆ ಬರದು, ಏಕವಚನವಾದರೆ ಮಗಳು ಬಿಡಳು. ಹಾಗಾಗಿ 'ಬಸ್ಸು ಬಂತೇನೋ', 'ಕುಡಿಯೋ ನೀರು ಸಿಕ್ಕುತ್ತೋ ಇಲ್ಲವೋ' ಎಂದು ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದೆ. ಅವನು ಗೋಡೆಯ ಪರವಾಗಿ ಉತ್ತರ ಕೊಡುತ್ತಿದ್ದ.

ಫೆರಿ ದೋಣಿಯಲ್ಲಿ ಆಚೆ ದಡಕ್ಕೆ, ಅಲ್ಲಿಂದ ಬಸ್ಸು, ಮತ್ತೆ ಫೆರಿ. ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಹೊತ್ತ ಹಡಗುಗಳನ್ನು ಅವನು ತೋರಿಸುತ್ತಿದ್ದರೆ ನನ್ನ ಕಣ್ಣು ದಡದ ಅಂಗಡಿಗಳ ಮೇಲೆ. ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ಅಕ್ಕಿ ಸಿಕ್ಕಿತು, ಅರಿಶಿನದ ಕೊಂಬು, ವೀಳ್ಯದೆಲೆಯೂ ಸಿಕ್ಕಿದವು. ತೆಂಗಿನಕಾಯಿಗೂ ಬರವಿರಲಿಲ್ಲ, ಆದರೆ ಎಲ್ಲವೂ ನುಣ್ಣಗೆ ಬೋಳಿಸಿದವು. ಮಡಿಲಿಗೆ ಬೋಳುಕಾಯಿ ಹಾಕುವುದುಂಟೆ?

'ಅತ್ತೆ, ದೋಣಿ ನಿಲ್ಲಾಕೂ ಮುಂಚೆ ಎದ್ದು ನಿಂತ್ಕತೀರಲ್ಲ, ಏನು ಉಡುಕ್ತಿದ್ದೀರಿ?' ಎಂದು ಒಂದು ದಿನ ಕೇಳಿಯೇಬಿಟ್ಟ.

'ಜುಟ್ಟಿರೋ ಕಾಯಿ ಸಿಕ್ಕಿದ್ರೆ ಆಗಿತ್ತು' ಎಂದು ದೋಣಿಯ ಕಂಬಿಗೆ ಹೇಳಿದೆ. ಇವನಿಗೇನು ಗೊತ್ತಾಗುತ್ತದೆ ಎಂದುಕೊಂಡೆ.

ನಾನು ಹೊರಡುವ ಹಿಂದಿನ ಶನಿವಾರ ಅವನು ನನ್ನನ್ನು ದೂರದ ದ್ವೀಪಗಳಿಂದ ಬಂದು ನೆಲೆಸಿದವರ ಸಂತೆಗೆ ಕರೆದೊಯ್ದ. ಗೆಣಸು ಮಾರುತ್ತಿದ್ದ ದಪ್ಪನೆಯ ಮನುಷ್ಯನೊಬ್ಬ ಇವನನ್ನು ಕಂಡದ್ದೇ ಚೀಲದೊಳಗಿಂದ ಒಂದು ಕಾಯಿ ತೆಗೆದ. ನೆಟ್ಟಗೆ ನಿಂತ ಜುಟ್ಟು.

'ಸುಲೀಬ್ಯಾಡ, ಒಸಿ ನಾರು ಬುಡು ಅಂತ ಇವನಿಗೆ ಎರಡು ವಾರದಿಂದ ಏಳ್ತಿದ್ದೆ' ಎಂದ ಅಳಿಯ. 'ನಮ್ಮವ್ವನೂ ಅಂಗೇ ಕಣತ್ತೆ. ಅಕ್ಕನ ಮಡ್ಲಿಗೆ ಜುಟ್ಟಿಲ್ದಿರೋ ಕಾಯಿ ಆಕ್ತಿರಲಿಲ್ಲ.'

ಅವರ ಮನೆಯಲ್ಲೂ ಮಡಿಲು ತುಂಬುತ್ತಾರೆ ಎಂಬುದು ಎಂಟು ವರ್ಷದಲ್ಲಿ ಒಮ್ಮೆಯೂ ನನ್ನ ತಲೆಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಕಾಯಿಯನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಮಗಳನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದೆ. ಮೊರವಿಲ್ಲದ್ದಕ್ಕೆ ತಟ್ಟೆಯಲ್ಲೇ ಎಲ್ಲ ಜೋಡಿಸಿದ್ದೆ. ಅವಳು ತಟ್ಟೆ ನೋಡಿದಳು, ಸೆರಗೊಡ್ಡಲಿಲ್ಲ.

'ಇಲ್ಲಿ ಬ್ಯಾಡ ಕಣಮ್ಮ.'

'ಯಾಕೆ? ಏನು ಕಮ್ಮಿಯಾಗಿದೆ?'

'ಇದು ನನ್ ಮನೆ. ಮಡ್ಲಕ್ಕಿ ತವರಲ್ಲಿ ಕೊಡೋದು. ಯಾರೂ ಕಾಣ್ದಿರೋ ಊರಿಗೆ ಬಂದು ಕದ್ದು ಕೊಟ್ಟು ಓಗ್ತೀಯಾ? ನಡುಮನೇಲಿ ಇವರನ್ನ ಅಳಿಯ ಅಂತ ಕೂರ್ಸಿ, ಅಪ್ಪನ ಮುಂದೆ ಕೊಡು. ಆಗ ಸೆರಗೊಡ್ಡುತೀನಿ.'

ರೇಗಿಹೋಯಿತು. 'ಇಷ್ಟು ದಿನ ಅಲೆದದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಯ್ತಲ್ಲೇ' ಎಂದು ಕೂಗಾಡಿದೆ. ಅವಳು ನನ್ನ ಮಗಳೇ ತಾನೆ, ಜಗ್ಗಲಿಲ್ಲ. ಬಟ್ಟೆ ಮಡಿಸಿ ನನ್ನ ಪೆಟ್ಟಿಗೆಗೆ ತುಂಬತೊಡಗಿದಳು. ಕದ್ದು ಎಂಬ ಮಾತು ಮಾತ್ರ ನನ್ನೊಳಗೆ ಮುಳ್ಳಿನಂತೆ ಕೂತಿತು. ಊರಿನಲ್ಲಿ ಯಾರು ಕೇಳಿದರೂ 'ಮಗಳು ಫಾರಿನ್ನಲ್ಲಿದ್ದಾಳೆ' ಎಂದಷ್ಟೇ ಹೇಳಿ ಮಾತು ತಿರುಗಿಸುವವಳು ನಾನು.

ವಿಮಾನ ನಿಲ್ದಾಣದಲ್ಲಿ ಅಳಿಯ ಪೆಟ್ಟಿಗೆ ಇಳಿಸಿಕೊಟ್ಟ. 'ಅಳಿಯಂದ್ರೇ, ನೀವಿಬ್ರೂ ಊರಿಗೆ ಬನ್ನಿ' ಎಂದೆ. ಅವರು ತಲೆ ತಗ್ಗಿಸಿದರು. 'ಮಾವನೂ ಒಂದ್ ಮಾತು ಕರೀಲಿ ಅತ್ತೆ. ಬತ್ತೀವಿ.'

ಊರಿಗೆ ಬಂದು ನಾಲ್ಕು ತಿಂಗಳಾಯಿತು. ಹೊಸ ಅಕ್ಕಿಯಲ್ಲಿ ಎರಡು ಸೇರು ಬೇರೆ ಎತ್ತಿಟ್ಟು, ಎರಡು ದಿನಕ್ಕೊಮ್ಮೆ ಯಜಮಾನರ ಎದುರಿಗೇ ಕೂತು ಕೇರುತ್ತೇನೆ. ಕೇರುವುದಕ್ಕೆ ಅದರಲ್ಲಿ ಏನೂ ಉಳಿದಿಲ್ಲ. 'ಯಾರಿಗೆ ಅದು?' ಎಂದು ಮೊದಲ ಸಲ ಕೇಳಿದ್ದರು. 'ನಿಮ್ಮ ಮಗಳ ಮಡಿಲಿಗೆ. ನೀವು ಕರೆದ ದಿನ ಬರುತ್ತಾಳಂತೆ, ಗಂಡನ ಜೊತೆ' ಎಂದಿದ್ದೆ. ಆಮೇಲೆ ಅವರು ಆ ಮಾತೇ ಎತ್ತಲಿಲ್ಲ.

ಹೋದ ವಾರ ಮೊರದ ಸದ್ದಿಗೆ ಪೇಪರಿನಿಂದ ತಲೆ ಎತ್ತಿ, 'ಉಳ ಬಿದ್ದಾತು ಕಣೆ ಅದಕ್ಕೆ' ಎಂದರು. ಎದ್ದು ಹಿತ್ತಿಲಿಗೆ ಹೋಗಿ ಬೇವಿನ ಸೊಪ್ಪು ಮುರಿದು ತಂದು, ಡಬ್ಬದ ತಳಕ್ಕೆ ತಾವೇ ಹಾಸಿದರು. ಮಗಳಿಗೆ ಫೋನು ಮಾತ್ರ ಇನ್ನೂ ಮಾಡಿಲ್ಲ.