ಲೀಗಿಗೆ ಹೋದ ನಮ್ಮಕ್ಕ

ಮೊನ್ನೆ ನೊಣವಿನಕೆರೆಗೆ ಹೋದಾಗ ದೊಡ್ಡಮ್ಮ ಕೊಬ್ಬರಿ ಇಳಿಸಲು ಅಟ್ಟ ತೆಗೆಸಿದ್ದರು. ವರ್ಷವಿಡೀ ಒಣಗಿದ ಕಾಯಿಯ ವಾಸನೆ, ಸ್ವಲ್ಪ ಎಣ್ಣೆ, ಸ್ವಲ್ಪ ಧೂಳು, ಮೂಗಿಗೆ ಬಡಿದದ್ದೇ ತಡ, ಮೇಲಿನಿಂದ ಅಕ್ಕ "ಎಸಿಯೇ" ಅಂದ ಹಾಗಾಯಿತು. ತಲೆ ಎತ್ತಿ ನೋಡಿಯೂ ಬಿಟ್ಟೆ. ಅಲ್ಲಿ ಯಾರಿರುತ್ತಾರೆ...

ಅಕ್ಕ ಅಂದರೆ ದೊಡ್ಡಮ್ಮನ ಒಬ್ಬಳೇ ಮಗಳು. ಅಟ್ಟಕ್ಕೆ ಕಾಯಿ ಹಾಕುವ ದಿನ ನಾವೆಲ್ಲ ಕೆಳಗಿನಿಂದ ಒಂದೊಂದೇ ಎಸೆಯುತ್ತಿದ್ದೆವು, ಅವಳು ಮೇಲೆ ನಿಂತು ಹಿಡಿದು ಜೋಡಿಸುತ್ತಿದ್ದಳು. ಬಿದ್ದ ಕಾಯಿ ಒಳಗೇ ಬಿರುಕು ಬಿಟ್ಟರೆ ಕೊಬ್ಬರಿಯಾಗದೆ ಕೊಳೆಯುತ್ತದೆ. ಅದನ್ನು ಅಡುಗೆಮನೆಗೆ ಕಳಿಸಿ, ಬೀಳಿಸಿದವರಿಗೆ ದೊಡ್ಡಮ್ಮ ಸಂಜೆಯವರೆಗೂ ಮಂಗಳಾರತಿ ಮಾಡುತ್ತಿದ್ದರು. ಅಕ್ಕ ಬೀಳಿಸಿದ್ದನ್ನು ನಾನು ಕಂಡಿಲ್ಲ. ನಾನು ಬೇಕೆಂದೇ ಅಡ್ಡಾದಿಡ್ಡಿ ಎಸೆದರೂ ಹಿಡಿದು ನಗುತ್ತಿದ್ದಳು.

ಹೈಸ್ಕೂಲಿನ ಪಿ.ಟಿ. ಮೇಡಂ ಆ ಕೈ ನೋಡಿ ಅವಳನ್ನು ಹ್ಯಾಂಡ್‌ಬಾಲ್ ಗೋಲಿನ ಮುಂದೆ ನಿಲ್ಲಿಸಿದರು. ಎತ್ತರದ ಹುಡುಗಿ, ಹೆದರಿಕೆ ಅನ್ನುವುದೇ ಇಲ್ಲ. ಇದ್ದದ್ದು ಒಂದೇ ತಕರಾರು, ಬಂದ ಚೆಂಡನ್ನೆಲ್ಲ ಹಿಡಿಯಲು ಹೋಗುತ್ತಿದ್ದಳು. ಆ ಆಟದಲ್ಲಿ ಚೆಂಡು ತೀರ ಹತ್ತಿರದಿಂದ, ತೀರ ಜೋರಾಗಿ ಬರುತ್ತದೆ. ಗೋಲ್‌ಕೀಪರ್ ಆದವಳು ಕೈಯೋ ಕಾಲೋ ಅಡ್ಡ ಕೊಟ್ಟು ಆಚೆ ತಳ್ಳಿದರೆ ಸಾಕು. "ತಳ್ಳೇ, ಅದೇನು ನಿಮ್ಮನೆ ಕಾಯಾ?" ಎಂದು ಮೇಡಂ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡರು. ಅಂತೂ ಕಲಿತಳು. ಕಲಿತು, ದೇಶದ ದೊಡ್ಡ ಮಹಿಳಾ ಲೀಗಿನ ಒಂದು ತಂಡಕ್ಕೆ ಎರಡನೆಯ ಗೋಲ್‌ಕೀಪರ್ ಆಗಿ ಹೋದಳು. ನಮಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಪಂದ್ಯದ ಮೇಲೆ ಪಂದ್ಯ ಮುಗಿದರೂ ಅವಳು ಬೆಂಚಿನಲ್ಲೇ ಕೂತಿದ್ದಳು. ನಾವು ಆಟ ಬಿಟ್ಟು ಮೊಬೈಲ್ ಪರದೆಯ ಮೂಲೆಯಲ್ಲಿ ಕಾಣುವ ಆ ಬೆಂಚನ್ನೇ ನೋಡುತ್ತಿದ್ದೆವು. ಕೊನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ, ಎರಡೂ ಕಡೆ ಸಮ ಇದ್ದಾಗ, ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಆ ಒಂದು ಎಸೆತಕ್ಕಾಗಿ ಅಕ್ಕನನ್ನು ಇಳಿಸಿದರು. ಚೆಂಡು ಬಂತು. ಅವಳು ಎರಡೂ ಕೈ ಚಾಚಿದಳು... ಹಿಡಿದೇಬಿಟ್ಟಳು ಅಂದುಕೊಂಡೆವು. ಅದು ಅಂಗೈಯಿಂದ ಜಾರಿ ಹಿಂದೆ, ಗೋಲಿನೊಳಗೆ ಬಿತ್ತು. "ಅಯ್ಯೋ, ಬೀಳ್ಸುಬುಟ್ಲಲ್ಲೇ" ಎಂದರು ದೊಡ್ಡಮ್ಮ.

ಊರಿಗೆ ಬಂದವಳದು ಒಂದೇ ಜಪ. "ಮುಂದಿನ್ ಸಲ ತಳ್ತೀನಿ ಕಣೇ. ಒಂದೇ ಒಂದು ನಿಲ್ಸುದ್ರೆ ಸಾಕು ನಂಗೆ." ಹಗಲೆಲ್ಲ ಕೊಟ್ಟಿಗೆ ಗೋಡೆಗೆ ಚೆಂಡು ಎಸೆದು, ತಿರುಗಿ ಬಂದದ್ದನ್ನು ಆಚೆ ತಳ್ಳುತ್ತಿದ್ದಳು. ಧಪ್, ಧಪ್... ಆ ಮಳೆಗಾಲದಲ್ಲಿ ಡೆಂಗಿ ಬಂತು. ತಿಪಟೂರಿನ ಆಸ್ಪತ್ರೆಯಿಂದ ತುಮಕೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಅಕ್ಕ ಇರಲಿಲ್ಲ. ಗೋಡೆಯ ಸದ್ದು ಮಾತ್ರ ಆ ಮನೆಗೆ ಹೋದಾಗಲೆಲ್ಲ ನನಗೆ ಕೇಳಿಸುತ್ತದೆ. ಯಾರೂ ಇರುವುದಿಲ್ಲವೆಂದು ಗೊತ್ತಿದ್ದೂ ಹಿತ್ತಲಿಗೆ ಹೋಗಿ ನೋಡಿ ಬರುತ್ತೇನೆ.

ತಿಥಿ ಮುಗಿದ ಮೇಲೆ ತಂಡದ ಮ್ಯಾನೇಜರ್ ಫೋನ್ ಮಾಡಿದರು. ಅವರಿಗೆ ವಿಷಯ ಮುಟ್ಟಿರಲಿಲ್ಲ. ಮೊದಲಿದ್ದ ಗೋಲ್‌ಕೀಪರ್ ಬೇರೆ ತಂಡಕ್ಕೆ ಹೋಗಿದ್ದಾಳೆ, ಈ ಸಲ ನಿಮ್ಮ ಮಗಳದೇ ಜಾಗ, ಯಾವಾಗ ಕಳಿಸುತ್ತೀರಿ ಎಂದು ಕೇಳಿದರು. ದೊಡ್ಡಮ್ಮ "ಬತ್ತಾಳೆ ಸಾರ್, ಹೊರಟವ್ಳೆ" ಎಂದು ಫೋನ್ ಇಟ್ಟರು. ಆಮೇಲೆ ನಮ್ಮಪ್ಪ ಫೋನ್ ಮಾಡಿ ನಿಜ ಹೇಳಬೇಕಾಯಿತು.

ಮೊನ್ನೆ ಅಟ್ಟದ ಕೆಲಸ ಮುಗಿಸಿ ಕೂತಾಗ ಮೊಬೈಲಿನಲ್ಲಿ ಈ ವರ್ಷದ ಲೀಗ್ ಬರುತ್ತಿತ್ತು. ದೊಡ್ಡಮ್ಮ ಪಕ್ಕಕ್ಕೆ ಬಂದು ಕೂತರು. ಅಕ್ಕ ಇದ್ದ ತಂಡವೇ, ಗೋಲಿನ ಮುಂದೆ ಬೇರೆ ಯಾರದೋ ಮಗಳು. ಅಕ್ಕ ಇನ್ನೆಂದೂ ಅಲ್ಲಿ ನಿಲ್ಲುವುದಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿರುವ ವಿಷಯವೇ. ಜೋರಾಗಿ ಬಂದ ಚೆಂಡಿಗೆ ಆ ಹುಡುಗಿ ಕೈ ಅಡ್ಡ ಕೊಟ್ಟಳು, ಅದು ಆಚೆ ಹಾರಿತು. ದೊಡ್ಡಮ್ಮ ಪರದೆಯ ಮೇಲೆ ಅವಳ ಮುಖಕ್ಕೆ ಬೆರಳಿಟ್ಟು ಮೆಲ್ಲಗೆ ಅಂದರು, "ನೋಡೇ... ಈ ಸಲ ತಳ್ಳುಬುಟ್ಲು."