ಗ್ರೈಂಡರ್ ತೊಳೆದ ಅಕ್ಕಿ

ಬೆಳಿಗ್ಗೆ ಸೊಸೆ ಮಿಕ್ಸಿಯಲ್ಲಿ ಬೆಳ್ಳುಳ್ಳಿ ಕಾರ ರುಬ್ಬಿದಳು. ಆಮೇಲೆ ಜಾರು ತೊಳೆಯಲು ಒಂದು ಹಿಡಿ ನೆನೆದ ಅಕ್ಕಿ ಹಾಕಿ ತಿರುಗಿಸಿ, ಕೆಂಪಾದ ಆ ಹಿಟ್ಟನ್ನು ಬಚ್ಚಲಿಗೆ ಚೆಲ್ಲಲು ಹೊರಟಳು. ವಾಸನೆ ಮೂಗಿಗೆ ಹೊಡೆಯಿತು. ಕಲ್ಯಾಣದುರ್ಗದವಳು ಬಂದು ಎದುರಿಗೆ ನಿಂತ ಹಾಗಾಯಿತು...

ಆಗ ಹಿಂದೂಪುರದ ಬಸ್‌ಸ್ಟ್ಯಾಂಡ್ ಹಿಂದೆ ಬೆಳಿಗ್ಗೆ ನನ್ನ ಇಡ್ಲಿ, ಸಂಜೆ ಅವಳ ಮೆಣಸಿನಕಾಯಿ ಬಜ್ಜಿ. ಎಂಬತ್ತನೇ ಇಸವಿಯ ಆಚೀಚೆ ಇರಬೇಕು. ಸೆಟ್ಟೂರಲ್ಲಿ ಹುಟ್ಟಿ, ಕಲ್ಯಾಣದುರ್ಗಕ್ಕೆ ಸೊಸೆಯಾಗಿ, ಕೊನೆಗೆ ನಮ್ಮ ಪಕ್ಕದ ಮನೆಗೆ ಬಂದು ವಕ್ಕರಿಸಿದ್ದಳು. ಮಹಾ ಜಿಪುಣಿ. ಬಜ್ಜಿ ಕರಿದು ಉಳಿದ ಎಣ್ಣೆಯನ್ನೇ ತಲೆಗೆ ಹಚ್ಚಿಕೊಳ್ಳುವವಳು. ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಆದರೆ ಒಂದು ದಿನ ಬುದ್ಧಿ ಇರುವವಳ ಹಾಗೆ ಮಾತಾಡಿದಳು.

"ಅಕ್ಕಾ, ಇಬ್ರೂ ಒರಳಲ್ಲಿ ರುಬ್ಬಿ ರುಬ್ಬಿ ಸಾಯ್ತಾ ಇದೀವಿ. ಸೇರ್ಕೊಂಡು ಒಂದು ಕರೆಂಟ್ ಗ್ರೈಂಡರ್ ತಗಳಾಣ ಕಣಕ್ಕ. ಮದ್ಯಾನ ನಂದು, ಸಾಯಂಕಾಲ ನಿಂದು."

"ನಿನ್ನ ಬೆಳ್ಳುಳ್ಳಿ ಕಾರ ನನ್ನ ಇಡ್ಲಿಗೆ ಹತ್ತಿದ್ರೆ?"

"ಹಿಡಿ ಅಕ್ಕಿ ರುಬ್ಬಿ ಬಿಸಾಕಿದ್ರೆ ಕಲ್ಲು ಹಾಲಿನಂಗೆ ಆಗ್ತದೆ, ಬಿಡಕ್ಕ."

ಗ್ರೈಂಡರ್ ನಮ್ಮ ಜಗುಲಿಗೆ ಬಂತು. ನಾನು ಮಧ್ಯಾಹ್ನ ಮಲಗಿದ್ದಾಗ ಅವಳು ಬಂದು ಬಜ್ಜಿಯೊಳಗೆ ತುಂಬುವ ಕಾರ ರುಬ್ಬಿಕೊಂಡು, ಕಲ್ಲು ತೊಳೆದು ಹೋಗುತ್ತಿದ್ದಳು. ಪಕ್ಕದಲ್ಲೇ ನನ್ನ ಅಕ್ಕಿ ನೆನೆಯುತ್ತಿತ್ತು. ರಟ್ಟೆ ನೋವು ಹೋಯಿತು. ವ್ಯಾಪಾರವೂ ಏರಿತು. "ಏನವ್ವಾ, ನಿನ್ನ ಇಡ್ಲಿಗೆ ಚಟ್ನಿನೇ ಬ್ಯಾಡ" ಎಂದು ಡ್ರೈವರುಗಳು ಹೇಳಿದರೆ, ನನ್ನ ಕೈಗುಣ ಎಂದು ಬೀಗುತ್ತಿದ್ದೆ. ಮುಠ್ಠಾಳಿ ನಾನು.

ಆಮೇಲೆ ಒಂದು ನರ್ಸಿಂಗ್ ಹೋಮಿನವರು ರೋಗಿಗಳಿಗೆ ದಿನಾ ಇಡ್ಲಿ ಕೇಳಿದರು. ಅದು ಕೈಗೆ ಸಿಕ್ಕರೆ ಬೀದಿಯ ಧೂಳಲ್ಲಿ ಕೂರುವುದೇ ತಪ್ಪುತ್ತಿತ್ತು. ಮೊದಲ ದಿನ ಸೂರ್ಯ ಹುಟ್ಟುವ ಮೊದಲೇ ಎದ್ದು ಬೇಯಿಸಿ ಕಳಿಸಿದೆ. ಒಂಬತ್ತು ಗಂಟೆಗೆ ಡಬ್ಬಿ ತುಂಬಿದ ಹಾಗೇ ವಾಪಸ್ಸು ಬಂತು. ಹಿಂದೆಯೇ ಕಾಂಪೌಂಡರು.

"ಹೊಟ್ಟೆ ಕೊಯ್ಸ್ಕಂಡೋರ್ಗೆ ಕಾರದ ಇಡ್ಲಿ ಕೊಡ್ತೀಯೇನಮ್ಮಾ? ಸಾಯ್ಸಕಾ?"

ನಾನೊಂದು ತುಂಡು ಬಾಯಿಗೆ ಹಾಕಿಕೊಂಡೆ. ಬೆಳ್ಳುಳ್ಳಿ. ನೆಟ್ಟಗೆ ಅವಳ ಮನೆಗೆ ಹೋದೆ. ಅವಳಿಗೆ ನಾಚಿಕೆಯೂ ಇಲ್ಲ.

"ಬಿಯ್ಯಂ ಕಣಕ್ಕ ಅದು, ಅಕ್ಕಿ! ದಿನಾ ಹಿಡಿ ಅಕ್ಕಿ ಮೋರಿಗೆ ಚೆಲ್ಲಕೆ ನಂಗೆ ಕೈ ಬರ್ನಿಲ್ಲ. ಕಲ್ಲು ತೊಳ್ದ ಹಿಟ್ನ ನೀನು ನೆನೆಹಾಕಿದ್ದ ಅಕ್ಕಿಗೇ ಸೇರಿಸ್ಬುಡ್ತಿದ್ದೆ. ನಿಂಗೆ ಲಾಭನೇ ಆಯ್ತಲ್ಲ!"

"ನಿನ್ನ ಲಾಭಕ್ಕೆ ಬೆಂಕಿ ಬೀಳ! ದರಿದ್ರದವಳೇ!"

ಬೀದಿಯೇ ಸೇರಿತು. ಪಾಲು ಮಾಡಲು ನಿಂತೆವು. ಇಬ್ಬರೂ ಪಟ್ಟು ಬಿಡಲಿಲ್ಲ. ಗುಂಡುಕಲ್ಲನ್ನು ಅವಳು ಸೆರಗಲ್ಲಿ ಕಟ್ಟಿಕೊಂಡು ಹೋದಳು, ಒರಳೂ ಮೋಟಾರೂ ನನ್ನ ಜಗುಲಿಯಲ್ಲಿ ಉಳಿದವು. ಗುಂಡಿಲ್ಲದ ಒರಳಲ್ಲಿ ಏನು ರುಬ್ಬುವುದು? ಎರಡು ಕತ್ತೆಗಳು ನಾವು. ತಿಂಗಳೊಳಗೆ ಅವಳು ಕಲ್ಯಾಣದುರ್ಗಕ್ಕೆ ಹೋಗಿಬಿಟ್ಟಳು. ನಾನು ಮತ್ತೆ ಹಳೆಯ ಒರಳಲ್ಲಿ ಕೈಯಲ್ಲೇ ರುಬ್ಬಿದೆ. "ಇಡ್ಲಿ ಯಾಕೋ ಸಪ್ಪೆ ಆಗೈತೆ ಕಣವ್ವಾ" ಅಂದರು ಡ್ರೈವರುಗಳು.

ಎಷ್ಟೋ ವರ್ಷದ ಮೇಲೆ ನೆಂಟರ ಮದುವೆಗೆಂದು ಕಲ್ಯಾಣದುರ್ಗಕ್ಕೆ ಹೋದವಳು ಅವಳ ಮನೆ ಹುಡುಕಿದೆ. ಬಯ್ಯಲು ಇನ್ನೂ ಬಾಕಿ ಇತ್ತು. ಅವಳು ತೀರಿಹೋಗಿ ಎರಡು ವರ್ಷವಾಗಿತ್ತಂತೆ... ಗುಂಡುಕಲ್ಲು ಬಾಗಿಲಿಗೆ ಅಡ್ಡ ಕೂತಿತ್ತು.

"ಹಿಂದೂಪುರದ ಇಡ್ಲಿಯಕ್ಕ ಬಂದ್ರೆ ಕೊಟ್ಬುಡು ಅಂದಿದ್ರು ಅತ್ತೆ. ಚೆನ್ನಾಗಿ ತೊಳ್ದು ಕೊಡು ಅಂದಿದ್ರು" ಎಂದಳು ಅವಳ ಸೊಸೆ.

ಬಸ್ಸಲ್ಲಿ ಭಾರ ಎಂದು ಬಿಟ್ಟು ಬಂದೆ. ಗ್ರೈಂಡರಿನ ಒರಳನ್ನು ಗುಜರಿಯವನು ಒಯ್ದು ಆಗಲೇ ಬಹಳ ಕಾಲವಾಗಿತ್ತು.

ಇವತ್ತು ಸೊಸೆಯ ಕೈ ಹಿಡಿದು, "ತಾ ಇಲ್ಲಿ" ಎಂದೆ. ಆ ಕೆಂಪು ಹಿಟ್ಟನ್ನು ಹೆಂಚಿಗೆ ಹುಯ್ದು, ಮಗುಚಿ ಹಾಕಿ, ನಿಂತುಕೊಂಡೇ ತಿಂದೆ. ಕಣ್ಣಲ್ಲಿ ನೀರು ಬಂತು, ಕಾರಕ್ಕೆ. ಚೆನ್ನಾಗೇ ಇತ್ತು. ಆ ಜಿಪುಣಿಗೆ ಹೇಳೋಣವೆಂದರೆ ಅವಳೆಲ್ಲಿ...